ಬಿರುಗಾಳಿ ಮುನ್ಸೂಚನೆಗೆ ರೇಡಾರೋ, ಉಪಗ್ರಹವೋ, ಬಲೂನೋ? ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

"ರೇಡಾರ್ ಒಳ್ಳೆಯದಾ, ಉಪಗ್ರಹ ಒಳ್ಳೆಯದಾ?" ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಎಷ್ಟು ಮುಂಚೆ ಗೊತ್ತಾಗಬೇಕು?

ಇನ್ನು ಕಾಲು ಗಂಟೆಯಲ್ಲಿ ಸುಂಟರಗಾಳಿ ಯಾವ ಬೀದಿಗೆ ನುಗ್ಗುತ್ತದೆ ಎನ್ನುವುದು ಒಂದು ಬಗೆಯ ಪ್ರಶ್ನೆ. ಇವತ್ತು ಸಂಜೆ ಗುಡುಗು ಮಳೆ ಬರುತ್ತದಾ ಎನ್ನುವುದು ಇನ್ನೊಂದು. ಮುಂದಿನ ವಾರ ಚಂಡಮಾರುತ ಯಾವ ಕರಾವಳಿಗೆ ಬಡಿಯುತ್ತದೆ ಎನ್ನುವುದು ಮತ್ತೊಂದು. ಮೂರಕ್ಕೂ ಬೇಕಾದ ಸಲಕರಣೆ ಬೇರೆ ಬೇರೆ. ಮೊದಲನೆಯದಕ್ಕೆ ಬರೀ ಉಪಗ್ರಹವನ್ನು ನೆಚ್ಚಿಕೊಂಡರೆ ಕೈಕೊಡುತ್ತದೆ. ಮೂರನೆಯದಕ್ಕೆ ರೇಡಾರ್ ಮುಂದೆ ಕೂತರೆ ಏನೂ ಕಾಣುವುದಿಲ್ಲ. ಐದು ದಿನ ಬಿಟ್ಟು ಬಡಿಯುವ ಗಾಳಿ ಈಗ ದೂರದ ಸಮುದ್ರದ ಮೇಲಿರುತ್ತದೆ. ಎಷ್ಟೋ ಸಲ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಹವಾಮಾನ ಇಲಾಖೆಯವರು, ವಿಪತ್ತು ನಿರ್ವಹಣೆಯವರು, ಕಾಲೇಜಿನ ಸಂಶೋಧನಾ ತಂಡದವರು ಯಾವುದಕ್ಕೆ ದುಡ್ಡು ಹಾಕಬೇಕು ಎಂದು ಯೋಚಿಸುವಾಗ ಈ ಬರಹ ಉಪಯೋಗಕ್ಕೆ ಬರಬಹುದು. ಮುನ್ಸೂಚನೆ ಓದುವವರಿಗೂ ಅಷ್ಟೇ. ಯಾವ ಮಾಹಿತಿಯನ್ನು ಎಷ್ಟು ನಂಬಬೇಕು ಎನ್ನುವ ಅಂದಾಜು ಸಿಗುತ್ತದೆ.

ರೇಡಾರ್: ಹತ್ತಿರದ್ದು ಚೆನ್ನಾಗಿ, ದೂರದ್ದು ಅರೆಬರೆ

ರೇಡಾರ್ ರೇಡಿಯೋ ಅಲೆಯನ್ನು ಕಳಿಸುತ್ತದೆ. ಮಳೆಹನಿಗೆ ಬಡಿದು ವಾಪಸ್ ಬಂದದ್ದನ್ನು ಅಳೆಯುತ್ತದೆ. ಡಾಪ್ಲರ್ ರೇಡಾರ್ ಆದರೆ ಹನಿಗಳು ತನ್ನ ಕಡೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಎಂಬುದನ್ನೂ ಹೇಳುತ್ತದೆ.

1953ರ ಏಪ್ರಿಲ್ 9ರಂದು ಅಮೆರಿಕದ ಇಲಿನಾಯ್‌ನಲ್ಲಿ ಸುಂಟರಗಾಳಿ ಹೊತ್ತ ಮೋಡವೊಂದು ರೇಡಾರ್ ಪರದೆಯ ಮೇಲೆ ಕೊಕ್ಕೆಯ ಆಕಾರದಲ್ಲಿ ಮೂಡಿತು. ಅದು ಫೋಟೋದಲ್ಲಿ ಸೆರೆಯಾಯಿತು. ಇಪ್ಪತ್ತು ವರ್ಷದ ನಂತರ, 1973ರ ಮೇ 24ರಂದು, ಓಕ್ಲಹೋಮಾದ ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ಸಂಶೋಧಕರ ಡಾಪ್ಲರ್ ರೇಡಾರ್ ಹಿಡಿಯಿತು. ಆಮೇಲೆ ದಾಖಲೆ ಬಿಡಿಸಿ ನೋಡಿದರೆ, ಗಾಳಿ ನೆಲ ಮುಟ್ಟುವ ಮುಂಚೆಯೇ ಮೋಡದೊಳಗೆ ಮೇಲೆಲ್ಲೋ ಸುತ್ತು ಶುರುವಾಗಿತ್ತು. ಇವತ್ತಿನ ಸುಂಟರಗಾಳಿ ಎಚ್ಚರಿಕೆಗಳ ಬೇರು ಅಲ್ಲಿದೆ.

ಹಾಗಂತ ರೇಡಾರ್ ಎಲ್ಲವನ್ನೂ ನೋಡುವುದಿಲ್ಲ. ಭೂಮಿ ಬಾಗಿದೆ, ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಸಾಮಾನ್ಯವಾಗಿ ರೇಡಾರ್ ಅರ್ಧ ಡಿಗ್ರಿಯಷ್ಟು ಮೇಲಕ್ಕೆ ಮುಖ ಮಾಡಿ ತಿರುಗುತ್ತದೆ. ಆಗ 100 ಕಿ.ಮೀ. ದೂರದಲ್ಲಿ ಅದರ ಕಿರಣ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಮೇಲಿರುತ್ತದೆ. 200 ಕಿ.ಮೀ. ದೂರದಲ್ಲಿ ಸುಮಾರು ನಾಲ್ಕು ಕಿ.ಮೀ. ಮೇಲೆ. ಕಿರಣ ಟಾರ್ಚ್ ಬೆಳಕಿನ ಹಾಗೆ ಹೋಗ್ತಾ ಹೋಗ್ತಾ ಅಗಲವೂ ಆಗುತ್ತದೆ. ಒಂದು ಡಿಗ್ರಿ ಅಗಲದ ಕಿರಣ 100 ಕಿ.ಮೀ. ಆಚೆ ಒಂದೂಮುಕ್ಕಾಲು ಕಿ.ಮೀ. ಅಗಲ. ಸುಂಟರಗಾಳಿಯೊಂದು ನೂರಿನ್ನೂರು ಮೀಟರ್ ಅಗಲ ಇದ್ದರೆ ಅಷ್ಟು ದೂರದಲ್ಲಿ ಅದು ಬಿಡಿಯಾಗಿ ಕಾಣುವುದಿಲ್ಲ. ಮೋಡದ ದೊಡ್ಡ ಸುತ್ತು ಮಾತ್ರ ಕಾಣುತ್ತದೆ. ನಕ್ಷೆಯಲ್ಲಿ "250 ಕಿ.ಮೀ. ವ್ಯಾಪ್ತಿ" ಎಂದು ದೊಡ್ಡ ವೃತ್ತ ಹಾಕಿರುತ್ತಾರೆ ಅಲ್ವಾ, ಅದರ ಅಂಚಿನಲ್ಲಿರುವ ಊರಿಗೆ ಆ ರೇಡಾರ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಕುರುಡು ಜಾಗವನ್ನು ಮಾರುವವರು ಜಾಸ್ತಿ ಹೇಳುವುದಿಲ್ಲ. ಡಾಪ್ಲರ್‌ಗೆ ತನ್ನ ಕಡೆ ಬರುವ, ತನ್ನಿಂದ ದೂರ ಹೋಗುವ ವೇಗ ಮಾತ್ರ ತಿಳಿಯುತ್ತದೆ. ಗಾಳಿ ಅಡ್ಡಲಾಗಿ ಬೀಸುತ್ತಿದ್ದರೆ ಪರದೆಯ ಮೇಲೆ ಸೊನ್ನೆ. ಪೂರ್ತಿ ಗಾಳಿ ತಿಳಿಯಬೇಕಾದರೆ ಅದೇ ಮೋಡವನ್ನು ಇನ್ನೊಂದು ರೇಡಾರ್ ಬೇರೆ ದಿಕ್ಕಿನಿಂದ ನೋಡುತ್ತಿರಬೇಕು.

ಈಗ ರೇಡಾರ್‌ಗಳ ಒಳಗೇ ಆಯ್ಕೆ. ಮುಖ್ಯವಾಗಿ ಮೂರು ಬಗೆ: ಎಸ್ ಬ್ಯಾಂಡ್, ಸಿ ಬ್ಯಾಂಡ್, ಎಕ್ಸ್ ಬ್ಯಾಂಡ್. ಅಲೆಯ ಉದ್ದ ಕ್ರಮವಾಗಿ ಸುಮಾರು 10, 5, 3 ಸೆಂ.ಮೀ. ಎಸ್ ಬ್ಯಾಂಡ್ ಎಂಥ ಜಡಿಮಳೆಯನ್ನೂ ದಾಟಿ ಹಿಂದಿನದ್ದನ್ನು ತೋರಿಸುತ್ತದೆ. ಆದರೆ ಒಂದು ಡಿಗ್ರಿ ಕಿರಣಕ್ಕೆ ಎಂಟು ಮೀಟರಿಗೂ ದೊಡ್ಡ ಡಿಶ್ ಬೇಕು, ಗೋಪುರ ಬೇಕು, ಖರ್ಚು ಜಾಸ್ತಿ. ಎಕ್ಸ್ ಬ್ಯಾಂಡ್‌ಗೆ ಎರಡೂವರೆ ಮೀಟರ್ ಡಿಶ್ ಸಾಕು, ಕಟ್ಟಡದ ಮೇಲೇ ಕೂರಿಸಬಹುದು. ಆದರೆ ಜೋರು ಮಳೆ ಅದರ ಅಲೆಯನ್ನೇ ನುಂಗಿಬಿಡುತ್ತದೆ. ಮಳೆಯ ಹಿಂದೆ ಇನ್ನೂ ದೊಡ್ಡ ಮೋಡ ಬರುತ್ತಿದ್ದರೂ ಪರದೆ ಖಾಲಿ ತೋರಿಸುತ್ತದೆ. ಅದಕ್ಕೇ ಎಕ್ಸ್ ಬ್ಯಾಂಡ್ ಒಂದನ್ನೇ ಕೊಳ್ಳುವುದಕ್ಕಿಂತ ಹತ್ತಿರ ಹತ್ತಿರ ಮೂರ್ನಾಲ್ಕು ಇಟ್ಟು, ಒಂದರ ಕುರುಡನ್ನು ಇನ್ನೊಂದು ತುಂಬುವ ಹಾಗೆ ಮಾಡುವುದು ಸರಿ. ಅಮೆರಿಕದಲ್ಲಿ ಕಾಸಾ ಎಂಬ ಸಂಶೋಧನಾ ಯೋಜನೆ ಇದನ್ನೇ ಮೊದಲು ಓಕ್ಲಹೋಮಾದಲ್ಲಿ, ಆಮೇಲೆ ಡಲ್ಲಾಸ್ ಸುತ್ತಮುತ್ತ ಮಾಡಿ ತೋರಿಸಿತು. ದೊಡ್ಡ ರೇಡಾರಿನ ಕಿರಣದ ಕೆಳಗೆ ತಪ್ಪಿಸಿಕೊಳ್ಳುವ ಗಾಳಿ ಸಣ್ಣ ರೇಡಾರ್‌ಗಳಿಗೆ ಸಿಕ್ಕಿಬೀಳುತ್ತದೆ.

ಯಾವ ಬ್ಯಾಂಡ್ ತೆಗೆದುಕೊಂಡರೂ ಡ್ಯುಯಲ್ ಪೋಲರೈಸೇಶನ್ ಇರಲೇಬೇಕು. ಇದರಲ್ಲಿ ಚೌಕಾಸಿ ಬೇಡ. ಈ ರೇಡಾರ್ ಅಡ್ಡಡ್ಡ ಕಂಪಿಸುವ ಅಲೆಯನ್ನೂ ಕಳಿಸುತ್ತದೆ, ಮೇಲೆ ಕೆಳಗೆ ಕಂಪಿಸುವ ಅಲೆಯನ್ನೂ ಕಳಿಸುತ್ತದೆ. ದೊಡ್ಡ ಮಳೆಹನಿ ಬೀಳುವಾಗ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗುತ್ತದೆ, ಹಾಗಾಗಿ ಅಡ್ಡ ಅಲೆ ಜೋರಾಗಿ ವಾಪಸ್ ಬರುತ್ತದೆ. ಆಲಿಕಲ್ಲು ಉರುಳುತ್ತಾ ಬೀಳುತ್ತದೆ, ಎರಡೂ ಅಲೆ ಹೆಚ್ಚುಕಡಿಮೆ ಒಂದೇ ಸಮ ಬರುತ್ತವೆ. ಸುಂಟರಗಾಳಿ ಮನೆ ಕಿತ್ತು ಹಲಗೆ, ತಗಡು, ಎಲೆಗಳನ್ನು ಮೇಲೆತ್ತಿದ್ದರೆ ಎರಡು ಅಲೆಗಳಿಗೂ ತಾಳಮೇಳವೇ ಇರುವುದಿಲ್ಲ. ಅದನ್ನು ಪರದೆಯ ಮೇಲೆ ಕಂಡ ಮುನ್ಸೂಚಕರಿಗೆ ಗಾಳಿ ನೆಲಕ್ಕಿಳಿದು ಹಾನಿ ಮಾಡುತ್ತಿದೆ ಎಂದು ಖಾತ್ರಿ. ಮಧ್ಯರಾತ್ರಿ, ಕಣ್ಣಾರೆ ಕಂಡವರು ಯಾರೂ ಇಲ್ಲದಾಗ ಇದು ದೊಡ್ಡ ಸಹಾಯ. ಅಮೆರಿಕ ತನ್ನ ಸುಮಾರು 160 ರೇಡಾರ್‌ಗಳಿಗೆ ಇದನ್ನು ಜೋಡಿಸಿ ಮುಗಿಸಿದ್ದು 2013ರಲ್ಲಿ.

ಫೇಸ್ಡ್ ಅರೇ ರೇಡಾರ್ ಬಗ್ಗೆ ಈಗ ತುಂಬ ಮಾತು ಕೇಳುತ್ತೀರಿ. ಮಾಮೂಲಿ ಡಿಶ್ ಒಂದೊಂದೇ ಎತ್ತರಕ್ಕೆ ಸುತ್ತಿ ಪೂರ್ತಿ ಆಕಾಶ ನೋಡಲು ನಾಲ್ಕಾರು ನಿಮಿಷ ಬೇಕು. ಫೇಸ್ಡ್ ಅರೇ ಕಿರಣವನ್ನು ವಿದ್ಯುತ್ತಿನಿಂದಲೇ ತಿರುಗಿಸುತ್ತದೆ. ಒಂದು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಓಕ್ಲಹೋಮಾದ ನಾರ್ಮನ್‌ನಲ್ಲಿ ಯುದ್ಧನೌಕೆಯ ಆಂಟೆನಾವನ್ನೇ ತಂದು 2016ರವರೆಗೆ ಪ್ರಯೋಗ ಮಾಡಿದರು. ಜಪಾನಿನ ಒಸಾಕಾದಲ್ಲಿ 2012ರಿಂದ ಎಕ್ಸ್ ಬ್ಯಾಂಡ್ ಫೇಸ್ಡ್ ಅರೇ ಇದೆ, ಅದು ಅರ್ಧ ನಿಮಿಷದೊಳಗೆ ಮೋಡದ ಪೂರ್ತಿ ಮೂರು ಆಯಾಮದ ಚಿತ್ರ ಕೊಡುತ್ತದೆ. ನಾಲ್ಕು ನಿಮಿಷದಲ್ಲಿ ಸುಂಟರಗಾಳಿ ಹುಟ್ಟಿ ಸಾಯಬಹುದು, ಹಾಗಾಗಿ ಈ ವೇಗಕ್ಕೆ ಬೆಲೆ ಇದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ದಿನನಿತ್ಯದ ಸೇವೆಗೆ ಕೊಳ್ಳುವವರು ಸ್ವಲ್ಪ ಕಾಯಲಿ. ಕಿರಣ ಪಕ್ಕಕ್ಕೆ ವಾಲಿದಾಗ ಡ್ಯುಯಲ್ ಪೋಲರೈಸೇಶನ್ ಅಳತೆ ಕೆಡುತ್ತದೆ. ಅದನ್ನು ಸರಿಪಡಿಸುವುದು ಸುಲಭದ ಕೆಲಸ ಅಲ್ಲ. ಸಂಶೋಧನಾ ತಂಡದವರಾದರೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದಿಲ್ಲ.

ಉಪಗ್ರಹ: ಎರಡು ಬಗೆ, ಎರಡು ಕೆಲಸ

ಉಪಗ್ರಹ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಟೀವಿಯಲ್ಲಿ ಬರುವ ಮೋಡದ ಚಿತ್ರ. ಅದು ಭೂಸ್ಥಿರ ಉಪಗ್ರಹದ್ದು. ಸುಮಾರು 35,800 ಕಿ.ಮೀ. ಎತ್ತರದಲ್ಲಿ ನಿಂತು ಒಂದೇ ಭಾಗವನ್ನು ಸದಾ ನೋಡುತ್ತಿರುತ್ತದೆ. 2014ರಲ್ಲಿ ಹಾರಿದ ಜಪಾನಿನ ಹಿಮಾವರಿ-8 ಪ್ರತಿ 10 ನಿಮಿಷಕ್ಕೊಮ್ಮೆ ಅರ್ಧ ಭೂಗೋಳದ ಚಿತ್ರ ಕೊಡುವ ಹೊಸ ಪೀಳಿಗೆಯನ್ನು ಶುರು ಮಾಡಿತು. ಅಮೆರಿಕದ ಗೋಸ್-16ರ ಸರಣಿಯ ಉಪಗ್ರಹಗಳು ಬಿರುಗಾಳಿಯ ಸಣ್ಣ ತುಂಡೊಂದನ್ನು ನಿಮಿಷಕ್ಕೊಮ್ಮೆ ನೋಡಬಲ್ಲವು. ರೇಡಾರ್ ಇಲ್ಲದ ಸಮುದ್ರ, ಮರುಭೂಮಿ, ಬೆಟ್ಟಗಳ ಮೇಲೆ ಇದೇ ಮೊದಲ ಕಣ್ಣು. ಆದರೆ ಇದಕ್ಕೆ ಕಾಣುವುದು ಮೋಡದ ನೆತ್ತಿ. ಒಳಗೇನಿದೆ ಎಂದು ಊಹಿಸಬೇಕು.

ಇನ್ನೊಂದು ಬಗೆ ಧ್ರುವ ಕಕ್ಷೆಯದ್ದು, ಅಂದರೆ ಎರಡೂ ಧ್ರುವಗಳ ಮೇಲೆ ಹಾದು ಭೂಮಿಯನ್ನು ಸುತ್ತುವುದು. ಸುಮಾರು 800 ಕಿ.ಮೀ. ಎತ್ತರದಲ್ಲಿ ದಿನಕ್ಕೆ 14 ಸುತ್ತು ಹೊಡೆಯುತ್ತದೆ. ಒಂದೇ ಊರಿನ ಮೇಲೆ ದಿನಕ್ಕೆ ಎರಡು ಸಲ ಹಾದು ಹೋಗುತ್ತದೆ ಅಷ್ಟೇ. ಟೀವಿಗೆ ಇದು ಬರುವುದೇ ಇಲ್ಲ. ಆದರೆ ಇದರಲ್ಲಿರುವ ಮೈಕ್ರೋವೇವ್ ಉಪಕರಣ ಮೋಡವನ್ನು ದಾಟಿ ಒಳಗಿನ ಉಷ್ಣತೆ, ತೇವಾಂಶ ಅಳೆಯುತ್ತದೆ. ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳಿಗೆ ಹೊಟ್ಟೆ ತುಂಬಿಸುವುದು ಇದೇ.

ಎಷ್ಟರ ಮಟ್ಟಿಗೆ ಎಂದರೆ, 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ಅಮೆರಿಕದ ನ್ಯೂಜೆರ್ಸಿಗೆ ಬಡಿಯಿತು. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರ ಅದನ್ನು ದಿನಗಳ ಮುಂಚೆಯೇ ಹೇಳಿತ್ತು. ಆಮೇಲೆ ಅವರೇ ಒಂದು ಪ್ರಯೋಗ ಮಾಡಿದರು. ಧ್ರುವ ಕಕ್ಷೆಯ ಉಪಗ್ರಹಗಳ ಮಾಹಿತಿಯನ್ನೆಲ್ಲ ತೆಗೆದುಹಾಕಿ ಅದೇ ಮುನ್ಸೂಚನೆಯನ್ನು ಮತ್ತೆ ಓಡಿಸಿದರು. ಐದು ದಿನ ಮುಂಚಿನ ಲೆಕ್ಕದಲ್ಲಿ ಚಂಡಮಾರುತ ದಡದ ಕಡೆ ತಿರುಗಲೇ ಇಲ್ಲ, ಸಮುದ್ರದಲ್ಲೇ ಉಳಿಯಿತು. ಮೂರರಿಂದ ಹತ್ತು ದಿನದ ಮುನ್ಸೂಚನೆ ನಿಮಗೆ ಮುಖ್ಯವಾದರೆ ಚಂದದ ಮೋಡದ ಚಿತ್ರಕ್ಕಿಂತ ಈ ಮಂಕಾದ ಅಂಕಿಗಳೇ ಮುಖ್ಯ.

ಹೊಸ ಬಗೆಗಳೂ ಇವೆ. ಜಿಪಿಎಸ್ ಸಂಕೇತ ವಾತಾವರಣದ ಅಂಚನ್ನು ಹಾದು ಬರುವಾಗ ಎಷ್ಟು ಬಾಗುತ್ತದೆ ಎಂದು ಅಳೆದು ಉಷ್ಣತೆ, ತೇವಾಂಶ ಲೆಕ್ಕ ಹಾಕುವುದು ಒಂದು. 2019ರಲ್ಲಿ ಹಾರಿದ ಕಾಸ್ಮಿಕ್-2ರ ಆರು ಉಪಗ್ರಹಗಳು ಈ ಕೆಲಸ ಮಾಡುತ್ತವೆ. ಇದಕ್ಕೆ ಬೇರೆ ಉಪಕರಣದ ಜೊತೆ ಹೊಂದಿಸಿ ತಿದ್ದುವ ಗೋಜಿಲ್ಲ, ಹಾಗಾಗಿ ಉಳಿದವನ್ನು ಒರೆಗೆ ಹಚ್ಚಲೂ ಬಳಸುತ್ತಾರೆ. ಲೇಸರ್‌ನಿಂದ ಗಾಳಿಯ ವೇಗ ಅಳೆಯುವುದು ಮತ್ತೊಂದು. ಯುರೋಪಿನ ಇಯೋಲಸ್ 2018ರಿಂದ 2023ರವರೆಗೆ ಅದನ್ನು ಬಾಹ್ಯಾಕಾಶದಿಂದ ಮಾಡಿ ತೋರಿಸಿತು. ಡಬ್ಬದ ಗಾತ್ರದ ಪುಟ್ಟ ಉಪಗ್ರಹಗಳ ಗುಂಪು ಇನ್ನೊಂದು ದಾರಿ. ನಾಸಾದ ಟ್ರಾಪಿಕ್ಸ್‌ನ ನಾಲ್ಕು ಪುಟ್ಟ ಉಪಗ್ರಹಗಳು 2023ರಲ್ಲಿ ಹಾರಿದವು. ಚಂಡಮಾರುತದ ಒಳಗನ್ನು ಮೈಕ್ರೋವೇವ್‌ನಿಂದ ಪದೇ ಪದೇ ನೋಡುವುದು ಅವುಗಳ ಗುರಿಯಾಗಿತ್ತು.

ನೀವು ಸ್ವಂತ ಉಪಗ್ರಹ ಹಾರಿಸುವವರಲ್ಲದಿದ್ದರೆ ಇಲ್ಲಿ ಆಯ್ಕೆ ಕೊಳ್ಳುವುದರಲ್ಲಿ ಇಲ್ಲ. ಇಳಿಸಿಕೊಳ್ಳುವುದರಲ್ಲಿದೆ. ಹೆಚ್ಚಿನ ಹವಾಮಾನ ಉಪಗ್ರಹಗಳ ಮಾಹಿತಿ ಪುಕ್ಕಟೆ. ಒಳ್ಳೆಯ ಇಂಟರ್ನೆಟ್ಟು, ಅಥವಾ ಒಂದು ರಿಸೀವರ್ ಡಿಶ್ಶು, ಜೊತೆಗೆ ಅದನ್ನು ಓದಬಲ್ಲ ಇಬ್ಬರು ಜನ. ದುಡ್ಡು ಇಬ್ಬರು ಜನರ ಮೇಲೆ ಹಾಕಿ.

ಬಲೂನ್: ಹಳೆಯದು ಅಂತ ತಳ್ಳಬೇಡಿ

ಎಲ್ಲರೂ ಕಡೆಗಣಿಸುವ ಉಪಕರಣ ಇದು. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ದಿನಕ್ಕೆ ಎರಡು ಸಲ, ಗ್ರೀನಿಚ್ ಸಮಯ ಸೊನ್ನೆ ಗಂಟೆ ಮತ್ತು ಹನ್ನೆರಡು ಗಂಟೆಯ ಹೊತ್ತಿಗೆ, ಜಗತ್ತಿನ ನೂರಾರು ಕಡೆ ಒಂದೇ ಸಮಯಕ್ಕೆ ಬಲೂನ್ ಬಿಡುತ್ತಾರೆ. ಹೈಡ್ರೋಜನ್ ಅಥವಾ ಹೀಲಿಯಂ ತುಂಬಿದ ಬಲೂನಿಗೆ ಉದ್ದನೆಯ ದಾರ, ದಾರದ ತುದಿಗೆ ರೇಡಿಯೋಸಾಂಡ್ ಎಂಬ ಪುಟ್ಟ ಪೆಟ್ಟಿಗೆ. ದಾರ ಯಾಕೆ ಅಷ್ಟುದ್ದ ಎಂದರೆ, ಬಿಸಿಲಿಗೆ ಕಾದ ಬಲೂನಿನ ಹಿಂದೆ ಏಳುವ ಗಾಳಿಯ ಕದಲಿಕೆ ಅಳತೆಯನ್ನು ಕೆಡಿಸಬಾರದು. ಪೆಟ್ಟಿಗೆಯ ತೂಕ ಈಗ ನೂರು ಗ್ರಾಂ ಆಸುಪಾಸು. ಸೆಕೆಂಡಿಗೆ ಸುಮಾರು ಐದು ಮೀಟರ್ ಮೇಲೇರುತ್ತಾ ಉಷ್ಣತೆ, ತೇವಾಂಶ, ಒತ್ತಡ, ಗಾಳಿ ಎಲ್ಲವನ್ನೂ ರೇಡಿಯೋದಲ್ಲಿ ಕೆಳಗೆ ಕಳಿಸುತ್ತಲೇ ಇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಬಲೂನ್ ಊದುತ್ತಾ ಹೋಗುತ್ತದೆ. 30 ಕಿ.ಮೀ. ಆಸುಪಾಸು ಒಡೆಯುತ್ತದೆ. ಪೆಟ್ಟಿಗೆ ಪುಟ್ಟ ಪ್ಯಾರಾಚೂಟ್‌ನಲ್ಲಿ ಇಳಿದು ಎಲ್ಲೋ ಬೀಳುತ್ತದೆ. 1929ರಲ್ಲಿ ಫ್ರಾನ್ಸಿನ ರಾಬರ್ಟ್ ಬ್ಯೂರೋ, 1930ರಲ್ಲಿ ರಷ್ಯಾದ ಪಾವೆಲ್ ಮೊಲ್ಚಾನೋವ್ ಹಾರಿಸಿದ ಬಲೂನಿನ ಮೂಲ ಉಪಾಯವೇ ಇವತ್ತಿಗೂ ನಡೆಯುತ್ತಿದೆ.

ಗುಡುಗು ಮಳೆ ಬರುತ್ತದಾ ಎಂದು ಬೆಳಿಗ್ಗೆಯೇ ಹೇಳಬೇಕಾದವರಿಗೆ ಇದರಷ್ಟು ಉಪಯೋಗಿ ಬೇರೆ ಇಲ್ಲ. ಯಾಕೆಂದರೆ ಎಷ್ಟೋ ದಿನ ನೆಲದ ಹತ್ತಿರ ಬಿಸಿ, ತೇವ ಎಲ್ಲ ಇರುತ್ತದೆ. ಆದರೆ ಒಂದೆರಡು ಕಿ.ಮೀ. ಮೇಲೆ ತೆಳುವಾದ ಬಿಸಿ ಪದರವೊಂದು ಮುಚ್ಚಳ ಹಾಕಿ ಕೂತಿರುತ್ತದೆ. ಮುಚ್ಚಳ ಗಟ್ಟಿ ಇದ್ದರೆ ಸಂಜೆವರೆಗೂ ಸುಮ್ನೆ ಸೆಕೆ. ಸಡಿಲ ಇದ್ದರೆ ಮಧ್ಯಾಹ್ನವೇ ಸಣ್ಣಪುಟ್ಟ ಮಳೆ. ಹದವಾಗಿದ್ದು ಸಂಜೆಗೆ ಒಡೆದರೆ ಶಕ್ತಿಯೆಲ್ಲ ಒಂದೇ ಸಲ ಹೊರಗೆ ಬಂದು ಭಾರಿ ಗಾಳಿ, ಆಲಿಕಲ್ಲು. ಉಪಗ್ರಹ ಈ ತೆಳು ಪದರವನ್ನು ಮಸುಕು ಮಾಡಿ ಹರಡಿಬಿಡುತ್ತದೆ. ಬಲೂನ್ ಕಳಿಸಿದ ಉಷ್ಣತೆಯ ರೇಖೆಯಲ್ಲಿ ಅದು ಮೊನಚಾದ ಮೂಗಿನ ಹಾಗೆ ಎದ್ದು ಕಾಣುತ್ತದೆ.

ಕುಂದು ಏನೆಂದರೆ ಸಮಯ. ದಿನಕ್ಕೆರಡೇ ಸಲ, ಅದೂ ಗ್ರೀನಿಚ್ ಗಡಿಯಾರಕ್ಕೆ. ಕೆಲವು ದೇಶಗಳಿಗೆ ಆ ಸಮಯ ಗುಡುಗಿಗೆ ಮುಂಚೆ ಸರಿಯಾಗಿ ಬರುತ್ತದೆ. ಇನ್ನು ಕೆಲವಕ್ಕೆ ಮಳೆ ಸುರಿದು ಮುಗಿದ ಮೇಲೆ.

ಈ ಎಡೆಯನ್ನು ತುಂಬಲು ಎರಡು ದಾರಿ ಇವೆ. ಒಂದು, ಪ್ರಯಾಣಿಕ ವಿಮಾನಗಳು ಏರುವಾಗ ಇಳಿಯುವಾಗ ಕಳಿಸುವ ಗಾಳಿ, ಉಷ್ಣತೆಯ ಅಳತೆ. ಪುಗಸಟ್ಟೆ ಎನ್ನುವಷ್ಟು ಅಗ್ಗ. ಆದರೆ ಹೆಚ್ಚಿನ ವಿಮಾನಗಳಲ್ಲಿ ತೇವಾಂಶ ಅಳೆಯುವ ಉಪಕರಣ ಇಲ್ಲ, ಮತ್ತು ಎಲ್ಲಾ ಅಳತೆಯೂ ವಿಮಾನ ನಿಲ್ದಾಣದ ಸುತ್ತಲೇ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತಾಗ ಈ ಮಾಹಿತಿ ದಿಢೀರ್ ಕುಸಿಯಿತು. ಇನ್ನೊಂದು, ನೆಲದ ಮೇಲೆ ಕೂತು ಮೇಲೆ ನೋಡುವ ಉಪಕರಣಗಳು: ಉಷ್ಣತೆ, ತೇವಾಂಶ ಅಳೆಯುವ ಮೈಕ್ರೋವೇವ್ ರೇಡಿಯೋಮೀಟರ್, ಲೇಸರ್‌ನಿಂದ ಗಾಳಿ ಅಳೆಯುವ ಡಾಪ್ಲರ್ ಲೈಡಾರ್, ರೇಡಿಯೋ ಅಲೆಯಿಂದ ಗಾಳಿ ಅಳೆಯುವ ವಿಂಡ್ ಪ್ರೊಫೈಲರ್. ಕೆಲವೇ ನಿಮಿಷಕ್ಕೊಮ್ಮೆ ಅಳತೆ ಸಿಗುತ್ತದೆ. ಮುಚ್ಚಳ ಸಡಿಲವಾಗುವುದನ್ನು ಕೂತಲ್ಲೇ ನೋಡಬಹುದು. ಆದರೆ ರೇಡಿಯೋಮೀಟರ್ ಎತ್ತರಕ್ಕೆ ಹೋದಂತೆ ಮಸುಕು. ಅದರ ಮೇಲೆ ಮಳೆನೀರು ನಿಂತರೆ ತಪ್ಪು ಹೇಳುತ್ತದೆ. ಲೈಡಾರ್ ದಟ್ಟ ಮೋಡ ದಾಟುವುದಿಲ್ಲ. ಬಲೂನಿನ ಬದಲಿಗೆ ಅಲ್ಲ, ಎರಡು ಬಲೂನಿನ ನಡುವೆ ಇವನ್ನು ಬಳಸಿ.

ಗಾಳಿಯ ಒಳಗೇ ಹೋಗುವುದು

2023ರ ಅಕ್ಟೋಬರ್‌ನಲ್ಲಿ ಓಟಿಸ್ ಎಂಬ ಬಿರುಗಾಳಿ ಮೆಕ್ಸಿಕೋದ ಪಶ್ಚಿಮ ಕರಾವಳಿಯತ್ತ ಬರುತ್ತಿತ್ತು. ಅದು ಅಷ್ಟೇನೂ ಬಲಿಯದೆ ದಡ ಸೇರುತ್ತದೆ ಎಂದು ಮಾಡೆಲ್‌ಗಳು ಹೇಳಿದ್ದವು. 24ರ ಮಧ್ಯಾಹ್ನ ವಿಮಾನವೊಂದು ಒಳಗೆ ಹೋಗಿ ಅಳೆದಾಗ ಅದು ಎಷ್ಟು ಬೇಗ ಬಲಿಯುತ್ತಿದೆ ಎಂಬುದು ಖಚಿತವಾಯಿತು. ಮಧ್ಯರಾತ್ರಿ ಕಳೆಯುತ್ತಲೇ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ, ಎಲ್ಲಕ್ಕಿಂತ ಬಲವಾದ ಐದನೇ ದರ್ಜೆಯ ಚಂಡಮಾರುತವಾಗಿ ಅಕಾಪುಲ್ಕೋಗೆ ಬಡಿಯಿತು. ಜನರಿಗೆ ಸಿಕ್ಕಿದ್ದು ಕೆಲವೇ ಗಂಟೆ.

ಉಪಗ್ರಹದ ಚಿತ್ರ ನೋಡಿ ಚಂಡಮಾರುತದ ಬಲ ಅಂದಾಜು ಮಾಡುವ ಒಂದು ವಿಧಾನ ಇದೆ. 1970ರ ದಶಕದಲ್ಲಿ ಅಮೆರಿಕದ ವರ್ನನ್ ಡ್ವೊರಾಕ್ ರೂಪಿಸಿದ್ದು. ಮೋಡದ ಸುರುಳಿ, ಕಣ್ಣಿನ ಆಕಾರ ನೋಡಿ ಅಂಕ ಕೊಡುತ್ತಾರೆ. ಜಗತ್ತಿನ ಹೆಚ್ಚಿನ ಸಮುದ್ರಗಳಲ್ಲಿ ಇವತ್ತಿಗೂ ಇದೇ ಆಧಾರ. ಸಾಮಾನ್ಯ ದಿನಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಗಾಳಿ ದಿಢೀರ್ ಬಲಿಯುವಾಗ ಮಾತ್ರ ಹಿಂದೆ ಬೀಳುತ್ತದೆ.

ವಿಮಾನ ಇಲ್ಲಿ ಗೆಲ್ಲುತ್ತದೆ. 1943ರ ಜುಲೈ 27ರಂದು ಜೋಸೆಫ್ ಡಕ್ವರ್ತ್ ಎಂಬ ಅಮೆರಿಕದ ಸೇನಾ ಪೈಲಟ್ ಟೆಕ್ಸಾಸ್ ಕರಾವಳಿಯಲ್ಲಿ ಬೇಕೆಂದೇ ಚಂಡಮಾರುತದೊಳಗೆ ವಿಮಾನ ನುಗ್ಗಿಸಿದ. ಈಗ ಅದು ದಿನಚರಿ. ವಿಮಾನದಿಂದ ಡ್ರಾಪ್‌ಸಾಂಡ್ ಬೀಳಿಸುತ್ತಾರೆ, ಅಂದರೆ ಮೇಲೇರುವ ಬದಲು ಕೆಳಗಿಳಿಯುತ್ತಾ ಅಳೆಯುವ ಬಲೂನ್ ಪೆಟ್ಟಿಗೆ. ಬಾಲದಲ್ಲಿ ಡಾಪ್ಲರ್ ರೇಡಾರ್ ಇರುತ್ತದೆ. ಆದರೆ ವಿಮಾನ, ಸಿಬ್ಬಂದಿ, ಇಂಧನ ಎಲ್ಲ ಸೇರಿ ಖರ್ಚು ವಿಪರೀತ. ಪೆಸಿಫಿಕ್‌ನ ಪಶ್ಚಿಮ ಭಾಗದಲ್ಲಿ ಅಮೆರಿಕದ ಸೇನೆ 1987ರಲ್ಲೇ ಈ ಹಾರಾಟ ನಿಲ್ಲಿಸಿತು. ತೈವಾನ್ 2003ರಿಂದ ಬೇರೆ ದಾರಿ ಹಿಡಿಯಿತು. ಒಳಗೆ ನುಗ್ಗದೆ ಸುತ್ತ ಹಾರಿ ಡ್ರಾಪ್‌ಸಾಂಡ್ ಹಾಕುವುದು. ಚಂಡಮಾರುತವನ್ನು ತಳ್ಳುವುದು ಸುತ್ತಲಿನ ಗಾಳಿಯೇ, ಹಾಗಾಗಿ ದಾರಿ ತಿಳಿಯಬೇಕಾದವರಿಗೆ ಅಷ್ಟು ಸಾಕು. ಬಲ ತಿಳಿಯಬೇಕಾದರೆ ಒಳಗೆ ಹೋಗಲೇಬೇಕು.

ಜನರಿಲ್ಲದ ಉಪಕರಣಗಳು ಈಗ ಈ ಕೆಲಸಕ್ಕೆ ಇಳಿದಿವೆ. 2021ರ ಸೆಪ್ಟೆಂಬರ್ 30ರಂದು ಸೈಲ್‌ಡ್ರೋನ್ ಎಂಬ ಹಾಯಿ ದೋಣಿ ಸ್ಯಾಮ್ ಚಂಡಮಾರುತದೊಳಗೆ ಹೋಗಿ ಸಮುದ್ರದ ಮೇಲ್ಮೈಯಿಂದ ವೀಡಿಯೋ ಸಹಿತ ಮಾಹಿತಿ ಕಳಿಸಿತು. 2022ರ ಇಯಾನ್ ಚಂಡಮಾರುತದಲ್ಲಿ ವಿಮಾನದಿಂದ ಪುಟ್ಟ ಡ್ರೋನ್ ಬಿಟ್ಟರು. ಮನುಷ್ಯರಿರುವ ವಿಮಾನ ಹೋಗಲಾಗದಷ್ಟು ಕೆಳಗೆ, ನೀರು ಮತ್ತು ಗಾಳಿ ಸೇರುವ ಜಾಗವನ್ನು ಇವು ನೋಡುತ್ತವೆ. ಚಂಡಮಾರುತಕ್ಕೆ ಶಕ್ತಿ ಸಿಗುವುದು ಅಲ್ಲಿಂದಲೇ.

ನೀರಿನ ಕೆಳಗನ್ನೂ ಮರೆಯಬಾರದು. ಮೇಲ್ಮೈ ಬಿಸಿ ಇದ್ದರೆ ಸಾಲದು. ಬಿಸಿ ಪದರ ತೆಳ್ಳಗಿದ್ದರೆ ಗಾಳಿಯೇ ನೀರನ್ನು ಕಡೆದು ಕೆಳಗಿನ ತಣ್ಣೀರನ್ನು ಮೇಲೆ ತರುತ್ತದೆ, ಚಂಡಮಾರುತ ಸೊರಗುತ್ತದೆ. ಪದರ ದಪ್ಪ ಇದ್ದರೆ ಎಷ್ಟು ಕಡೆದರೂ ಬಿಸಿನೀರೇ. ಉಪಗ್ರಹಕ್ಕೆ ಮೇಲ್ಮೈಯ ಉಷ್ಣತೆ ಮಾತ್ರ ನೇರವಾಗಿ ಸಿಗುತ್ತದೆ. ಆಳಕ್ಕೆ ತಾವೇ ಮುಳುಗಿ ಏಳುವ ಆರ್ಗೋ ತೇಲುಗಳು, ನೀರೊಳಗೆ ಜನರಿಲ್ಲದೆ ಸಾಗುವ ಗ್ಲೈಡರ್, ನೀರಿನ ಮೇಲೆ ತೇಲುತ್ತಾ ಅಳೆಯುವ ಬೋಯ್ ಬೇಕು. ಜಗತ್ತಿನ ಸುಮಾರು ನಾಲ್ಕು ಸಾವಿರ ಆರ್ಗೋ ತೇಲುಗಳು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬಂದು ಅಳತೆ ಒಪ್ಪಿಸುತ್ತವೆ. ಚಂಡಮಾರುತಕ್ಕೆ ಹತ್ತು ದಿನ ತುಂಬ ಉದ್ದವಾಯಿತು, ಅದಕ್ಕೇ ಋತು ಶುರುವಾಗುವಾಗ ಗ್ಲೈಡರ್ ಇಳಿಸುವುದು.

ನೆಲದ ಕೇಂದ್ರ, ಸಿಡಿಲು

ಸ್ವಯಂಚಾಲಿತ ಹವಾಮಾನ ಕೇಂದ್ರಗಳ ಬಗ್ಗೆ ಹೇಳುವುದು ಕಡಿಮೆ, ಆದರೆ ಇವಿಲ್ಲದೆ ರೇಡಾರ್ ಅರ್ಧ ಕುರುಡು. ರೇಡಾರ್ ಮಳೆಯನ್ನು ಊಹಿಸುತ್ತದೆ, ಮಳೆಮಾಪಕ ಹಿಡಿದು ತೋರಿಸುತ್ತದೆ. ಮಾಪಕವೂ ಪರಿಪೂರ್ಣ ಅಲ್ಲ. ಜೋರು ಗಾಳಿಗೆ ಹನಿಗಳು ಬಾಯಿಯ ಮೇಲಿಂದ ಹಾರಿಹೋಗಿ ಲೆಕ್ಕ ಕಡಿಮೆ ಬರುತ್ತದೆ. ಎಲೆ ಬಿದ್ದು ಕಟ್ಟಿಕೊಂಡರಂತೂ ಮಳೆಯೇ ಇಲ್ಲ ಎನ್ನುತ್ತದೆ. ಓಕ್ಲಹೋಮಾದ ಮೆಸೋನೆಟ್ ಎಂಬ ಹವಾಮಾನ ಕೇಂದ್ರಗಳ ಜಾಲ 1994ರಿಂದ ಸುಮಾರು 120 ಕೇಂದ್ರಗಳಿಂದ ಐದು ನಿಮಿಷಕ್ಕೊಮ್ಮೆ ಅಳತೆ ಕೊಡುತ್ತಿದೆ. ಅದಕ್ಕೆ ಹೆಸರು ಬಂದದ್ದು ಪ್ರತಿ ಕೇಂದ್ರಕ್ಕೂ ತಂತ್ರಜ್ಞರು ಬಿಡದೆ ಹೋಗಿ ಬರುವುದರಿಂದ. ಸಾವಿರ ಕೇಂದ್ರ ನೆಟ್ಟು ಮರೆಯುವುದಕ್ಕಿಂತ ನೂರು ನೆಟ್ಟು ನೋಡಿಕೊಳ್ಳುವುದು ಮೇಲು.

ಸಿಡಿಲು ಪತ್ತೆ ಜಾಲ ಅಗ್ಗದ ಆಯ್ಕೆ. ಮಿಂಚಿನ ರೇಡಿಯೋ ಸದ್ದು ನಾಲ್ಕಾರು ಕಡೆ ಯಾವ ಕ್ಷಣಕ್ಕೆ ತಲುಪಿತು ಎಂದು ನೋಡಿ ಜಾಗ ಲೆಕ್ಕ ಹಾಕುತ್ತಾರೆ. ಮೋಡದೊಳಗಿನ ಮಿಂಚು ಒಮ್ಮೆಲೇ ಜಾಸ್ತಿಯಾದರೆ ಸ್ವಲ್ಪ ಹೊತ್ತಿನಲ್ಲಿ ಆಲಿಕಲ್ಲು, ಬಿರುಸು ಗಾಳಿ ಬರುವ ಸಾಧ್ಯತೆ ಇರುತ್ತದೆ. ಗೋಸ್-16ರ ಸರಣಿಯ ಉಪಗ್ರಹಗಳಲ್ಲಿರುವ ಮಿಂಚಿನ ಕ್ಯಾಮೆರಾ ಸಮುದ್ರದ ಮೇಲೂ ಇದನ್ನು ಕಾಣುತ್ತದೆ, ಆದರೆ ಅದರ ಚಿತ್ರದ ಒಂದು ಚುಕ್ಕಿ ಎಂಟು ಕಿ.ಮೀ. ಅಗಲ. ಮೈದಾನದಲ್ಲಿರುವವರನ್ನು ಒಳಗೆ ಕರೆಯಬೇಕಾದವರಿಗೆ ನೆಲದ ಜಾಲವೇ ಸರಿ.

ಉಪಕರಣವೋ, ಸಂಶೋಧನೆಯೋ?

ಇದೂ ಒಂದು ಆಯ್ಕೆಯೇ. ಇರುವ ದುಡ್ಡನ್ನು ಇನ್ನೊಂದು ರೇಡಾರಿಗೆ ಹಾಕಬೇಕಾ, ಇರುವುದನ್ನು ಅರ್ಥ ಮಾಡಿಕೊಳ್ಳಲು ಹಾಕಬೇಕಾ?

1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ 66 ವಿಮಾನ ಬಿತ್ತು. ಹವಾಮಾನ ವಿಜ್ಞಾನಿ ಟೆಡ್ ಫುಜಿತಾ ಆ ದಾಖಲೆಗಳನ್ನು ಬಿಡಿಸಿ, ಮೋಡದಿಂದ ಕೆಳಗೆ ಅಪ್ಪಳಿಸಿ ನಾಲ್ಕೂ ಕಡೆ ಹರಡುವ ಸಣ್ಣ ಗಾಳಿಯೇ ಕಾರಣ ಎಂದರು. ಬಹಳ ಜನ ನಂಬಲಿಲ್ಲ. 1978ರಲ್ಲಿ ಶಿಕಾಗೋ ಬಳಿ, 1982ರಲ್ಲಿ ಡೆನ್ವರ್ ಬಳಿ ಡಾಪ್ಲರ್ ರೇಡಾರ್‌ಗಳನ್ನು ಹತ್ತಿರ ಹತ್ತಿರ ಇಟ್ಟು ಕಾದರು. ಆ ಗಾಳಿ ಸಿಕ್ಕಿತು. ಒಂದಲ್ಲ, ಹತ್ತಾರು. 1990ರ ದಶಕದಲ್ಲಿ ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳಿಗೆ ಇದಕ್ಕೆಂದೇ ರೇಡಾರ್ ಬಂತು. ಏನು ಹುಡುಕಬೇಕು ಎಂದು ಗೊತ್ತಿಲ್ಲದಿದ್ದರೆ ಯಾವ ರೇಡಾರ್ ಕೊಂಡರೂ ಅದು ಕಾಣುತ್ತಿರಲಿಲ್ಲ.

ಯಾವ ಉಪಕರಣ ನಿಜಕ್ಕೂ ಮುನ್ಸೂಚನೆ ಸುಧಾರಿಸುತ್ತದೆ ಎಂದು ಮುಂಚೆಯೇ ನೋಡಲೂ ದಾರಿ ಇದೆ. ಸ್ಯಾಂಡಿಗೆ ಮಾಡಿದ ಹಾಗೆ ಒಂದು ಬಗೆಯ ಮಾಹಿತಿ ತೆಗೆದು ಮತ್ತೆ ಓಡಿಸುವುದು ಒಂದು. ಇನ್ನೂ ಇಲ್ಲದ ಉಪಕರಣವನ್ನು ಕಂಪ್ಯೂಟರಿನೊಳಗೇ ಕಲ್ಪಿಸಿ, ಅದು ಇದ್ದಿದ್ದರೆ ಏನಾಗುತ್ತಿತ್ತು ಎಂದು ನೋಡುವುದು ಇನ್ನೊಂದು. ದೊಡ್ಡ ಖರೀದಿಗೆ ಮುಂಚೆ ಈ ಪರೀಕ್ಷೆ ಮಾಡಿಸದಿದ್ದರೆ ದುಡ್ಡು ಅಂದಾಜಿನ ಮೇಲೆ ಹೋಗುತ್ತದೆ.

"ಈಗ ಎಐ ಬಂತಲ್ಲ, ಇವೆಲ್ಲ ಯಾಕೆ?" ಎನ್ನುವವರಿದ್ದಾರೆ. ಗ್ರಾಫ್‌ಕಾಸ್ಟ್, ಪಾಂಗು-ವೆದರ್ ಮುಂತಾದ ಎಐ ಮಾಡೆಲ್‌ಗಳು ಕೆಲವೇ ನಿಮಿಷದಲ್ಲಿ ಹತ್ತು ದಿನದ ಮುನ್ಸೂಚನೆ ಕೊಡುತ್ತವೆ, ಗುಣಮಟ್ಟವೂ ಒಳ್ಳೆಯದೇ. ಆದರೆ ಅವು ಕಲಿತದ್ದು ದಶಕಗಳ ಅಳತೆಗಳನ್ನು ಹೊಂದಿಸಿದ ದಾಖಲೆಯಿಂದ. ಪ್ರತಿ ದಿನ ಲೆಕ್ಕ ಶುರು ಮಾಡಲು ಅವಕ್ಕೆ ಇವತ್ತಿನ ವಾತಾವರಣದ ಸ್ಥಿತಿ ಬೇಕು. ಅದು ಬರುವುದು ಇದೇ ಬಲೂನ್, ಉಪಗ್ರಹ, ಕೇಂದ್ರಗಳಿಂದ.

ಹಾಗಾದರೆ ಯಾರಿಗೆ ಯಾವುದು?

ದಿಢೀರ್ ಮಳೆ, ಪ್ರವಾಹ ಕಾಡುವ ನಗರವಾದರೆ ಮೊದಲು ಚೆನ್ನಾಗಿ ನೋಡಿಕೊಳ್ಳುವ ಮಳೆಮಾಪಕಗಳ ಜಾಲ ಮತ್ತು ಸಿಡಿಲಿನ ಮಾಹಿತಿ. ಆಮೇಲೆ ಎರಡು ಮೂರು ಎಕ್ಸ್ ಬ್ಯಾಂಡ್ ರೇಡಾರ್. ಚಂಡಮಾರುತದ ಕರಾವಳಿಯಾದರೆ ಎಸ್ ಬ್ಯಾಂಡ್, ಜೊತೆಗೆ ಸಮುದ್ರದ ಬೋಯ್. ವಿಮಾನ ಒಂದೇ ದೇಶಕ್ಕೆ ಭಾರವಾದರೆ ನೆರೆಯವರ ಜೊತೆ ಸೇರಿ ಹಾರಿಸಬೇಕು.

ಕೇಂದ್ರಗಳೇ ವಿರಳವಾಗಿರುವ ದೇಶವಾದರೆ ರೇಡಾರ್ ಆಸೆ ಸ್ವಲ್ಪ ಪಕ್ಕಕ್ಕಿಟ್ಟು ಬಲೂನ್‌ಗೆ ಹಾಕಿ. ವಿಶ್ವ ಹವಾಮಾನ ಸಂಸ್ಥೆ 2021ರಲ್ಲಿ ಒಪ್ಪಿದ ಕನಿಷ್ಠ ಜಾಲದ ಪ್ರಕಾರ ನೆಲದ ಕೇಂದ್ರ 200 ಕಿ.ಮೀ.ಗೊಂದು, ಗಂಟೆಗೊಮ್ಮೆ ಅಳತೆ. ಬಲೂನ್ 500 ಕಿ.ಮೀ.ಗೊಂದು, ದಿನಕ್ಕೆರಡು. ಇಷ್ಟೂ ಇಲ್ಲದ ಜಾಗಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಬಿಡುವ ಒಂದು ಬಲೂನಿನ ಲಾಭ, ಈಗಾಗಲೇ ತುಂಬಿರುವ ಜಾಲದಲ್ಲಿ ಇನ್ನೊಂದು ಬಿಟ್ಟರೆ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ.

ಸಂಶೋಧನಾ ತಂಡವಾದರೆ ಸ್ಥಿರ ಉಪಕರಣ ಕೊಳ್ಳುವ ಬದಲು ಗಾಡಿಯ ಮೇಲೆ ಕೂರಿಸಿ ಒಯ್ಯುವಂಥದ್ದು ನೋಡಿ. 1999ರ ಮೇ 3ರಂದು ಓಕ್ಲಹೋಮಾದ ಸುಂಟರಗಾಳಿಯಲ್ಲಿ ಗಂಟೆಗೆ 480 ಕಿ.ಮೀ. ದಾಟಿದ ಗಾಳಿಯನ್ನು ಅಳೆದದ್ದು ಲಾರಿಯ ಮೇಲಿದ್ದ ರೇಡಾರ್.

ಯಾವುದು ಕೊಂಡರೂ ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಅಳತೆ ಎಷ್ಟು ನಿಮಿಷದಲ್ಲಿ ಮುನ್ಸೂಚಕರ ಮೇಜಿಗೆ ಬರುತ್ತದೆ? ಕಚ್ಚಾ ಮಾಹಿತಿ ನಮ್ಮ ಕೈಗೆ ಸಿಗುತ್ತದಾ, ಅಥವಾ ಬಣ್ಣದ ಚಿತ್ರ ಮಾತ್ರವಾ? ಬಿಡಿಭಾಗ, ರಿಪೇರಿ ಜನ ಎಲ್ಲಿದ್ದಾರೆ? ನಾಲ್ಕನೆಯದನ್ನು ನಿಮ್ಮನ್ನೇ ಕೇಳಿಕೊಳ್ಳಬೇಕು: ಇದು ಕೆಟ್ಟರೆ ಏನು? 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಪೋರ್ಟೊರಿಕೋದ ಒಂದೇ ಒಂದು ದೊಡ್ಡ ಹವಾಮಾನ ರೇಡಾರನ್ನು ಗುಮ್ಮಟ ಸಹಿತ ಕಿತ್ತುಹಾಕಿತು. ಅದು ಮತ್ತೆ ಕೆಲಸ ಶುರು ಮಾಡಿದ್ದು ಮಾರನೇ ವರ್ಷ. ಅಲ್ಲಿಯವರೆಗೆ ಸೇನೆ ತಂದಿಟ್ಟ ತಾತ್ಕಾಲಿಕ ಎಕ್ಸ್ ಬ್ಯಾಂಡ್ ರೇಡಾರ್‌ಗಳಲ್ಲೇ ಕಾಲ ತಳ್ಳಬೇಕಾಯಿತು. ಬದಲಿ ಏರ್ಪಾಡು ಯಾವುದು ಎಂದು ಟೆಂಡರ್ ಕರೆಯುವ ಮುಂಚೆಯೇ ಕಾಗದದ ಮೇಲೆ ಬರೆದಿಡಿ.